ತಾರೆಯೇ ಬಾಗಿಲು ತೆರೆದಿದ್ದರೆ ಪತ್ರಿಕೆ ಎಲ್ಲಿಯವರೆಗೆ ಒಳಗೆ ಹೋಗಬಹುದು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಿನಿಮಾ ವರದಿಗಾರ್ತಿ. ಹೆಸರುವಾಸಿ ನಟರೊಬ್ಬರು ತಮ್ಮ ಮದುವೆ, ಗೃಹಪ್ರವೇಶ, ಮಗುವಿನ ನಾಮಕರಣ ಎಲ್ಲವನ್ನೂ ತಾವೇ ಇನ್‌ಸ್ಟಾಗ್ರಾಂನಲ್ಲಿ ಹಾಕಿಕೊಂಡವರು. ‘ಕುಡಿತವನ್ನು ನಾನು ಮುಟ್ಟಿದವನೇ ಅಲ್ಲ’ ಎಂದು ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಈಗ ಅವರು ವ್ಯಸನಮುಕ್ತಿ ಕೇಂದ್ರವೊಂದರಿಂದ ಹೊರಗೆ ಬರುತ್ತಿರುವ ಚಿತ್ರ ನಮಗೆ ಸಿಕ್ಕಿದೆ. ರಸ್ತೆಯಲ್ಲಿ ನಿಂತು ತೆಗೆದದ್ದು. ಅವರ ಚಿತ್ರೀಕರಣ ಮೂರು ವಾರಗಳಿಂದ ನಿಂತಿದೆ. ಪ್ರಚಾರ ಬೇಕಾದಾಗ ನಮ್ಮನ್ನು ಕರೆಯುವವರು ಬೇಡವಾದಾಗ ‘ಖಾಸಗಿತನ’ ಎನ್ನುವುದು ನ್ಯಾಯವೇ? ಪ್ರಕಟಿಸಿದರೆ ತಪ್ಪೇನು?

ಉತ್ತರ: ನಿಮ್ಮ ಪತ್ರವನ್ನು ಓದುತ್ತಿದ್ದಂತೆ ನನಗೆ ನೆನಪಾದದ್ದು ಲಂಡನ್ನಿನ ಒಂದು ಮೊಕದ್ದಮೆ. ನಿಮ್ಮ ಕೈಯಲ್ಲಿರುವಂಥದೇ ಚಿತ್ರ, ನೀವು ಹೇಳುವಂಥದೇ ಸುಳ್ಳು, ನೀವು ಮುಂದಿಡುವಂಥದೇ ವಾದ ಅಲ್ಲಿಯೂ ಇದ್ದವು. ಆದ್ದರಿಂದ ಮೊದಲು ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಖಾಸಗಿತನದ ಬಗ್ಗೆ ಸಾಮಾನ್ಯವಾಗಿ ಮಾತನಾಡಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಆದರೆ ಒಂದು ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡು ಕೂತಾಗ ಮಾತ್ರ ಅದು ಎಷ್ಟು ಕಷ್ಟದ ವಿಷಯವೆಂಬುದು ತಿಳಿಯುತ್ತದೆ.

2001ರ ಫೆಬ್ರುವರಿ 1ರಂದು ಬ್ರಿಟನ್ನಿನ ‘ಮಿರರ್’ ಪತ್ರಿಕೆಯು ರೂಪದರ್ಶಿ ನವೋಮಿ ಕ್ಯಾಂಪ್‌ಬೆಲ್ ಮಾದಕ ವ್ಯಸನಿಯೆಂಬ ಸುದ್ದಿಯನ್ನು ಮುಖಪುಟದಲ್ಲಿ ಪ್ರಕಟಿಸಿತು. ಆಕೆ ‘ನಾರ್ಕೋಟಿಕ್ಸ್ ಅನಾನಿಮಸ್’ ಎಂಬ, ವ್ಯಸನಿಗಳು ಹೆಸರು ಹೇಳಿಕೊಳ್ಳದೆ ಪರಸ್ಪರ ಆಸರೆಯಾಗುವ ಗುಂಪಿನ ಸಭೆಗಳಿಗೆ ಹೋಗುತ್ತಿದ್ದರು. ಚೆಲ್ಸಿಯಾದ ಕಿಂಗ್ಸ್ ರಸ್ತೆಯಲ್ಲಿ ನಡೆದ ಅಂಥ ಒಂದು ಸಭೆಯ ಹೊರಗೆ, ಪತ್ರಿಕೆಯು ಇದಕ್ಕಾಗಿಯೇ ನೇಮಿಸಿದ್ದ ಛಾಯಾಗ್ರಾಹಕನೊಬ್ಬ ನಿಲ್ಲಿಸಿದ್ದ ಕಾರಿನೊಳಗೆ ಅಡಗಿ ಕೂತು ಆಕೆಯ ಚಿತ್ರ ತೆಗೆದಿದ್ದ. ಜೀನ್ಸ್ ತೊಟ್ಟು, ಟೋಪಿ ಹಾಕಿಕೊಂಡ ಆಕೆಯನ್ನು ಬಾಗಿಲ ಬಳಿ ಇತರ ಇಬ್ಬರು ಎದುರುಗೊಳ್ಳುತ್ತಿದ್ದಾರೆ. ಆ ಇಬ್ಬರ ಮುಖಗಳನ್ನು ಪತ್ರಿಕೆ ಮಸುಕುಗೊಳಿಸಿತ್ತು, ಆಕೆಯ ಮುಖವನ್ನಲ್ಲ. ಸುದ್ದಿಯ ಮೂಲ ಆಕೆಯ ಪರಿವಾರದವರೊಬ್ಬರು ಇಲ್ಲವೇ ಅದೇ ಸಭೆಗೆ ಬರುತ್ತಿದ್ದ ಇನ್ನೊಬ್ಬ ವ್ಯಸನಿ ಎಂದು ನ್ಯಾಯಾಲಯ ಕಂಡುಕೊಂಡಿತು. ಈ ಸಂಗತಿಯನ್ನು ಮರೆಯಬೇಡಿ, ಮುಂದೆ ಮತ್ತೆ ಇದಕ್ಕೆ ಬರುತ್ತೇನೆ.

ಕ್ಯಾಂಪ್‌ಬೆಲ್ ಅದಕ್ಕೂ ಮುಂಚೆ, ಇತರ ರೂಪದರ್ಶಿಯರಂತೆ ತಾನು ಮಾದಕವಸ್ತು ಸೇವಿಸುವವಳಲ್ಲ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದರು. ಅದು ಸುಳ್ಳಾಗಿತ್ತು. ಆ ಸುಳ್ಳಿನ ಗತಿ ನ್ಯಾಯಾಲಯದಲ್ಲಿ ಏನಾಯಿತು ಎಂಬುದರಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದೆ. ಪ್ರಕಟವಾದ ವಿಷಯವನ್ನು ಒಟ್ಟಾಗಿ ತೂಗದೆ ಐದು ಭಾಗ ಮಾಡಿ ನೋಡಲಾಯಿತು: ಆಕೆ ವ್ಯಸನಿ ಎಂಬುದು; ಆಕೆ ಚಿಕಿತ್ಸೆ ಪಡೆಯುತ್ತಿದ್ದಾರೆ ಎಂಬುದು; ಆ ಚಿಕಿತ್ಸೆ ನಾರ್ಕೋಟಿಕ್ಸ್ ಅನಾನಿಮಸ್‌ನಲ್ಲಿ ನಡೆಯುತ್ತಿದೆ ಎಂಬುದು; ಎಷ್ಟು ಕಾಲದಿಂದ, ಎಷ್ಟು ಸಲ, ಹೇಗೆ ಎಂಬ ವಿವರಗಳು; ಕೊನೆಯದಾಗಿ ಆ ಚಿತ್ರ. ಮೊದಲ ಎರಡನ್ನು ಪ್ರಕಟಿಸುವ ಹಕ್ಕು ಪತ್ರಿಕೆಗೆ ಇತ್ತೆಂದು ಆಕೆಯ ವಕೀಲರೇ ಒಪ್ಪಿಕೊಂಡರು, ಏಕೆಂದರೆ ಜನರ ಮುಂದೆ ಸುಳ್ಳು ಹೇಳಿದವರ ಸುಳ್ಳನ್ನು ಜನರ ಮುಂದೆಯೇ ತಿದ್ದುವುದು ಪತ್ರಿಕೆಯ ಕೆಲಸ. ಜಗಳವೆಲ್ಲ ಉಳಿದ ಮೂರರ ಮೇಲೆ ನಡೆಯಿತು. ವಿಚಾರಣಾ ನ್ಯಾಯಾಲಯ ಆಕೆಗೆ ಒಟ್ಟು 3,500 ಪೌಂಡ್ ಪರಿಹಾರ ಕೊಟ್ಟಿತು, ಮೇಲ್ಮನವಿ ನ್ಯಾಯಾಲಯದ ಮೂವರು ಅದನ್ನು ತಳ್ಳಿಹಾಕಿದರು, ಅಂದಿನ ಸರ್ವೋಚ್ಚ ಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2004ರ ಮೇ 6ರಂದು ಇಬ್ಬರ ವಿರುದ್ಧ ಮೂವರ ಬಹುಮತದಿಂದ ಆಕೆಯನ್ನೇ ಗೆಲ್ಲಿಸಿತು.

ಮೂರೂ ಹಂತಗಳನ್ನು ಕೂಡಿ ಲೆಕ್ಕ ಹಾಕಿದರೆ ಆ ಪ್ರಕರಣವನ್ನು ಕೇಳಿದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಪತ್ರಿಕೆಯ ಪರ ಇದ್ದರು, ನಾಲ್ವರು ಕ್ಯಾಂಪ್‌ಬೆಲ್ ಪರ. ಹಾಗಾಗಿ ನಿಮಗೆ ಸಂದೇಹ ಬಂದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಭಿನ್ನ ತೀರ್ಪು ಬರೆದ ಲಾರ್ಡ್ ನಿಕಲ್ಸ್ ಮತ್ತು ಲಾರ್ಡ್ ಹಾಫ್‌ಮನ್ ಅವರ ವಾದವೂ ಹಗುರವಾದುದಲ್ಲ: ಚಿಕಿತ್ಸೆಯ ವಿಷಯ ಹೇಳಬಹುದಾದರೆ ಅದಕ್ಕೆ ಬಣ್ಣ ತುಂಬುವ ವಿವರಗಳನ್ನು, ನಂಬಿಕೆ ಹುಟ್ಟಿಸುವ ಚಿತ್ರವನ್ನು ಕೊಡಲು ಸಂಪಾದಕನಿಗೆ ಒಂದಿಷ್ಟು ಸಲಿಗೆ ಇರಲೇಬೇಕು, ಪ್ರತಿ ವಾಕ್ಯವನ್ನೂ ನ್ಯಾಯಾಲಯ ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂದು ಅವರು ಭಾವಿಸಿದರು. ಡೆಸ್ಕಿನಲ್ಲಿ ರಾತ್ರಿ ಹನ್ನೊಂದಕ್ಕೆ ಪುಟ ಕಟ್ಟಿದವರಿಗೆ ಈ ವಾದದ ಸತ್ಯ ಗೊತ್ತು. ಆದರೂ ನಾನು ಬಹುಮತದ ಕಡೆಗೇ ನಿಲ್ಲುತ್ತೇನೆ. ಬಹುಮತದ ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಬ್ಯಾರನೆಸ್ ಹೇಲ್ ಆ ತೀರ್ಪಿನಲ್ಲಿ ಈ ಜಗಳವನ್ನು ಮುಚ್ಚುಮರೆಯಿಲ್ಲದೆ ಬಣ್ಣಿಸಿದರು: ಒಂದು ಕಡೆ ಬಿಂಕದ ತಾರೆ, ಇನ್ನೊಂದು ಕಡೆ ತಾರೆಯರನ್ನು ಬಳಸಿಕೊಂಡು ಬದುಕುವ ಪತ್ರಿಕೆ, ಇಬ್ಬರೂ ಒಬ್ಬರಿಂದೊಬ್ಬರು ಲಾಭ ಪಡೆದವರೇ. ನೀವು ನಿಮ್ಮ ನಟರ ಬಗ್ಗೆ ಹೇಳಿದ್ದೂ ಇದನ್ನೇ. ಅದನ್ನೆಲ್ಲ ಒಪ್ಪಿಕೊಂಡ ಮೇಲೂ ಹೇಲ್ ಕೇಳಿದ್ದು ಬೇರೆಯೇ ಪ್ರಶ್ನೆ. ವ್ಯಸನದಿಂದ ಹೊರಬರಲು ಹೆಣಗುತ್ತಿರುವ ವ್ಯಕ್ತಿ ತಾನು ನಂಬಿದ ಒಂದೇ ಒಂದು ಕೋಣೆಗೆ ಮತ್ತೆ ಹೋಗಲು ಅಂಜುವಂತೆ ಮಾಡುವ ಹಕ್ಕು ಯಾರಿಗಿದೆ? ಆ ಚಿತ್ರವನ್ನು ನೋಡಿದ ಮೇಲೆ ಆಕೆಗೆ ಅಲ್ಲಿ ಕೂತಿರುವವರಲ್ಲಿ ಯಾರು ತನ್ನನ್ನು ಮಾರಿದರೋ ಎಂಬ ಅನುಮಾನ ಕಾಡದೆ ಇರುತ್ತದೆಯೇ? ಹಿಂದೆ ಒಂದು ಸಂಗತಿಯನ್ನು ಮರೆಯಬೇಡಿ ಎಂದೆನಲ್ಲ, ಅದರ ತೂಕ ಇಲ್ಲಿದೆ.

ನಾನು ನಿಮಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇಷ್ಟೆ. ಖಾಸಗಿತನವೆಂಬುದು ಒಂದು ತೂತು ಬಿದ್ದರೆ ಪೂರ್ತಿ ಸೋರಿಹೋಗುವ ಕೊಡವಲ್ಲ. ತಾರೆಯೊಬ್ಬರು ಮದುವೆಯ ಚಿತ್ರ ಹಾಕಿದರೆ ಮದುವೆಯ ಬಗ್ಗೆ ಬರೆಯಲು ನಮಗೆ ಆಸ್ಪದವಾಯಿತು, ಅವರ ವೈದ್ಯಕೀಯ ಕಡತ ತೆರೆಯಲಿಲ್ಲ. ಸುಳ್ಳು ಹೇಳಿದರೆ ಆ ಸುಳ್ಳಿನಷ್ಟೇ ಅಳತೆಯ ತಿದ್ದುಪಡಿಗೆ ಅವರು ಒಳಗಾಗಬೇಕು, ಅದಕ್ಕಿಂತ ಒಂದು ಗೇಣು ಹೆಚ್ಚಲ್ಲ. ಪ್ರತಿಯೊಂದು ವಿವರವೂ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಪಕ್ಕದ ವಿವರದ ಹೆಗಲ ಮೇಲೆ ಕೈ ಹಾಕಿಕೊಂಡು ಪುಟಕ್ಕೆ ಬರುವಂತಿಲ್ಲ.

ರಸ್ತೆಯಲ್ಲಿ ತೆಗೆದ ಚಿತ್ರವಲ್ಲವೇ ಎಂದು ನೀವು ಕೇಳಿದ್ದೀರಿ. ರಸ್ತೆ ಎಲ್ಲರದು ನಿಜ. ಕ್ಯಾಂಪ್‌ಬೆಲ್ ಹಾಲು ತರಲು ಅಂಗಡಿಗೆ ಹೋಗುವಾಗ ಯಾರಾದರೂ ಚಿತ್ರ ತೆಗೆದಿದ್ದರೆ ಆಕೆ ದೂರುವಂತಿರಲಿಲ್ಲ ಎಂದು ಹೇಲ್ ಅವರೇ ಹೇಳಿದ್ದಾರೆ. ವ್ಯತ್ಯಾಸ ಇರುವುದು ನಿಂತ ಜಾಗದಲ್ಲಲ್ಲ, ಚಿತ್ರ ಹೇಳುವ ಮಾತಿನಲ್ಲಿ. ಹಾಲಿನ ಅಂಗಡಿಯ ಚಿತ್ರ ಆಕೆ ಹೇಗೆ ಕಾಣುತ್ತಾಳೆ ಎಂಬುದನ್ನಷ್ಟೇ ಹೇಳುತ್ತದೆ, ಸಭೆಯ ಬಾಗಿಲಿನ ಚಿತ್ರ ಆಕೆಯ ಕಾಯಿಲೆಯನ್ನೂ ಅದರ ಮದ್ದನ್ನೂ ಹೇಳುತ್ತದೆ, ಜೊತೆಗೆ ಆ ಬಾಗಿಲು ಎಲ್ಲಿದೆ ಎಂಬುದನ್ನೂ ತೋರಿಸಿಕೊಡುತ್ತದೆ. ಅದೇ 2004ರಲ್ಲಿ ಮೊನಾಕೊದ ರಾಜಕುಮಾರಿ ಕ್ಯಾರೊಲಿನ್ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾರ್ವಜನಿಕ ಸ್ಥಳದ ನಿತ್ಯದ ಬದುಕಿನ ಚಿತ್ರವೂ ಸಾರ್ವಜನಿಕ ಚರ್ಚೆಗೆ ಏನನ್ನೂ ಸೇರಿಸದಿದ್ದರೆ ಅದನ್ನು ಪ್ರಕಟಿಸುವ ಸ್ವಾತಂತ್ರ್ಯಕ್ಕೆ ರಕ್ಷಣೆ ಕಡಿಮೆ ಎಂದಿತು. ಆದರೆ ಎಂಟು ವರ್ಷಗಳ ನಂತರ, ತಂದೆ ರಾಜ ರೇನಿಯರ್ ಕಾಯಿಲೆಯಲ್ಲಿದ್ದಾಗ ಮಗಳು ಸ್ಕೀಯಿಂಗ್ ರಜೆಯಲ್ಲಿದ್ದ ಚಿತ್ರವನ್ನು ಅದೇ ನ್ಯಾಯಾಲಯ ತಪ್ಪೆನ್ನಲಿಲ್ಲ, ಏಕೆಂದರೆ ಆಳುವ ದೊರೆಯ ಆರೋಗ್ಯದ ವಿಷಯವೂ ಆ ಹೊತ್ತಿನಲ್ಲಿ ಕುಟುಂಬದವರು ನಡೆದುಕೊಂಡ ರೀತಿಯೂ ಚರ್ಚೆಗೆ ಅರ್ಹವಾಗಿದ್ದವು. ಚಿತ್ರಕ್ಕೂ ಸುದ್ದಿಗೂ ನಿಜವಾದ ನಂಟು ಇದೆಯೇ ಎಂಬುದನ್ನೇ ಎರಡೂ ಸಲ ಪರೀಕ್ಷಿಸಲಾಯಿತು.

ಇಷ್ಟಾದರೂ ಕಾನೂನು ಬಂದದ್ದು ಬಹಳ ತಡವಾಗಿ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. 1990ರ ಜನವರಿಯ ಬಿರುಗಾಳಿಯಲ್ಲಿ ಜಾಹೀರಾತು ಫಲಕದ ಮರದ ತುಂಡೊಂದು ಗಾರ್ಡನ್ ಕೇ ಎಂಬ ಜನಪ್ರಿಯ ಕಿರುತೆರೆ ನಟನ ಕಾರಿನ ಗಾಜು ಒಡೆದು ತಲೆಗೆ ಬಡಿಯಿತು. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ನಂತರ ಮಲಗಿದ್ದ ಅವರ ಕೋಣೆಗೆ, ಒಳಗೆ ಬರಬಾರದೆಂಬ ಸೂಚನೆ ಅಂಟಿಸಿದ್ದರೂ, ‘ಸಂಡೇ ಸ್ಪೋರ್ಟ್’ ಪತ್ರಿಕೆಯ ವರದಿಗಾರ ಮತ್ತು ಛಾಯಾಗ್ರಾಹಕ ನುಗ್ಗಿ, ಫ್ಲಾಶ್ ಹಾಕಿ ಚಿತ್ರ ತೆಗೆದು, ‘ಸಂದರ್ಶನ’ ಮಾಡಿಕೊಂಡು ಹೋದರು. ಕಾಲು ಗಂಟೆ ಕಳೆದ ಮೇಲೆ ಅಂಥದೊಂದು ನಡೆದದ್ದೇ ಕೇ ಅವರಿಗೆ ನೆನಪಿರಲಿಲ್ಲ. ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿಗಳು ನಡೆದುದನ್ನು ಖಂಡಿಸಿದರು, ಆದರೆ ಇಂಗ್ಲಿಷ್ ಕಾನೂನಿನಲ್ಲಿ ಖಾಸಗಿತನದ ಹಕ್ಕೆಂಬುದೇ ಇಲ್ಲ ಎಂದು ಕೈಚೆಲ್ಲಿದರು. ಒಪ್ಪಿ ಸಂದರ್ಶನ ಕೊಟ್ಟರೆಂದು ಹೇಳಿಕೊಳ್ಳದಂತೆ ಪತ್ರಿಕೆಯನ್ನು ತಡೆಯುವುದಷ್ಟೇ ಅವರಿಂದ ಸಾಧ್ಯವಾಯಿತು. ಮಾನವ ಹಕ್ಕುಗಳ ಕಾಯ್ದೆ 2000ದ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮೇಲಷ್ಟೇ ಕ್ಯಾಂಪ್‌ಬೆಲ್ ತೀರ್ಪಿಗೆ ನೆಲ ಸಿಕ್ಕಿತು.

ಸುದ್ದಿ ಹೇಗೆ ಬಂತು ಎಂಬುದು ಇನ್ನೊಂದು ಪ್ರಶ್ನೆ, ಅದನ್ನು ನೀವು ಕೇಳಿಲ್ಲ, ಆದರೆ ನಾನು ಕೇಳಲೇಬೇಕು. ಬ್ರಿಟನ್ನಿನ ವಾರಪತ್ರಿಕೆ ‘ನ್ಯೂಸ್ ಆಫ್ ದ ವರ್ಲ್ಡ್’ 168 ವರ್ಷ ನಡೆದು 2011ರ ಜುಲೈ 10ರಂದು ಮುಚ್ಚಿಹೋದದ್ದು ಅದು ಬರೆದ ಸುದ್ದಿ ಸುಳ್ಳಾಗಿದ್ದುದರಿಂದಲ್ಲ, ಸುದ್ದಿ ಸಂಪಾದಿಸಿದ ರೀತಿಯಿಂದ. ಜನರು ಬದಲಿಸದೆ ಬಿಟ್ಟ ನಾಲ್ಕಂಕಿಯ ಸಂಕೇತ ಒತ್ತಿ ಅವರ ಮೊಬೈಲಿನ ವಾಯ್ಸ್‌ಮೇಲ್ ಕೇಳುವುದು ಆ ಸುದ್ದಿಮನೆಯಲ್ಲಿ ರೂಢಿಯಾಗಿತ್ತು. ರಾಜಮನೆತನದವರ, ನಟನಟಿಯರ ಫೋನುಗಳವರೆಗೆ ಮಾತ್ರ ಎಂದುಕೊಂಡಿದ್ದಾಗ ಜನ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. 2002ರಲ್ಲಿ ಕಾಣೆಯಾಗಿ ಕೊಲೆಯಾದ 13 ವರ್ಷದ ಶಾಲಾಬಾಲಕಿಯ ಫೋನನ್ನೂ ಹಾಗೆಯೇ ಕದ್ದು ಕೇಳಿದ್ದರೆಂಬುದು ಬಯಲಾದಾಗ ದೇಶವೇ ಸಿಡಿದೆದ್ದಿತು. ನನಗೆ ಇದರಲ್ಲಿ ಅತ್ಯಂತ ನೋವಿನ ಸಂಗತಿಯೆಂದು ಕಾಣುವುದು ಈ ಅಂತರವೇ. ತಾರೆಯರ ಮೇಲೆ ಮೊದಲು ಅಭ್ಯಾಸವಾದ ಕೈ ಕೊನೆಗೆ ಯಾರ ಮನೆಗೂ ಚಾಚಿಕೊಂಡಿತು. ನಂತರ ಪತ್ರಿಕೆಗಳ ನಡವಳಿಕೆಯ ಬಗ್ಗೆ ನ್ಯಾಯಮೂರ್ತಿ ಲೆವೆಸನ್ ನಡೆಸಿದ ವಿಚಾರಣೆಯ ಮುಂದೆ ನಟಿ ಸಿಯೆನಾ ಮಿಲ್ಲರ್ ನುಡಿದ ಸಾಕ್ಷ್ಯವನ್ನು ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತಿದ್ದೆ. ತನ್ನ ಗುಟ್ಟುಗಳು ಪತ್ರಿಕೆಗೆ ಹೋಗುತ್ತಿದ್ದುದನ್ನು ಕಂಡು ಆಕೆ ತಾಯಿಯಿಂದ ಹಿಡಿದು ಗೆಳತಿಯರವರೆಗೆ ತನ್ನವರನ್ನೇ ಶಂಕಿಸಿದ್ದರು. ಮಧ್ಯರಾತ್ರಿ ಕತ್ತಲ ಬೀದಿಯಲ್ಲಿ ಹತ್ತು ಮಂದಿ ಗಂಡಸರು ಇಪ್ಪತ್ತೊಂದರ ಹುಡುಗಿಯೊಬ್ಬಳನ್ನು ಅಟ್ಟಿಸಿಕೊಂಡು ಹೋಗುವುದು ಅವರ ಕೈಯಲ್ಲಿ ಕ್ಯಾಮೆರಾ ಇದೆ ಎಂಬ ಒಂದೇ ಕಾರಣಕ್ಕೆ ಕಾನೂನುಬದ್ಧವಾಗುತ್ತಿತ್ತು ಎಂದು ಆಕೆ ಹೇಳಿದರು.

ಕನ್ನಡದಲ್ಲಿ ‘ಟ್ಯಾಬ್ಲಾಯ್ಡ್’ ಎಂಬ ಮಾತಿಗೆ ಬೇರೊಂದು ನೆನಪೂ ಅಂಟಿಕೊಂಡಿದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ತೆಗೆದುಕೊಳ್ಳದೆ, ಓದುಗರ ಹಣದಿಂದಲೇ ನಡೆದು, ಅಧಿಕಾರದಲ್ಲಿದ್ದವರನ್ನು ಪ್ರಶ್ನಿಸಿದ ವಾರಪತ್ರಿಕೆ. ಆದ್ದರಿಂದ ನಮ್ಮಲ್ಲಿ ಖಾಸಗಿತನದ ಮಾತೆತ್ತಿದ ಕೂಡಲೇ ‘ಇದು ದೊಡ್ಡವರನ್ನು ಕಾಪಾಡುವ ನೆಪ’ ಎಂಬ ಅನುಮಾನ ಹುಟ್ಟುವುದು ಸಹಜ, ಆ ಅನುಮಾನ ಆರೋಗ್ಯಕರವೂ ಹೌದು. ಮಂತ್ರಿಯ ಆಸ್ತಿ, ಅಧಿಕಾರಿಯ ಲಂಚ, ನಿರ್ಮಾಪಕ ಕಾರ್ಮಿಕರಿಗೆ ಬಾಕಿ ಉಳಿಸಿದ ಕೂಲಿ, ಅವಕಾಶದ ಹೆಸರಲ್ಲಿ ಹೊಸ ನಟಿಯರನ್ನು ಪೀಡಿಸುವವರ ನಡತೆ ಇವು ಯಾವುವೂ ಖಾಸಗಿ ವಿಷಯಗಳಲ್ಲ, ಅವುಗಳ ಮೇಲೆ ‘ಖಾಸಗಿ’ ಎಂದು ಚೀಟಿ ಅಂಟಿಸಿದರೆ ಅದನ್ನು ಕಿತ್ತುಹಾಕುವುದೇ ಧರ್ಮ. ಅಧಿಕಾರವನ್ನು ಬಳಸಿ ಇನ್ನೊಬ್ಬರಿಗೆ ಮಾಡಿದ ಅನ್ಯಾಯ ಒಂದು, ಒಬ್ಬ ಮನುಷ್ಯ ತನ್ನ ದೇಹದೊಡನೆ, ಮನಸ್ಸಿನೊಡನೆ ನಡೆಸುತ್ತಿರುವ ಹೋರಾಟ ಇನ್ನೊಂದು.

ಇನ್ನು ನಮ್ಮ ಕಾನೂನಿಗೆ ಬರೋಣ. ಮರಣದಂಡನೆಗೆ ಗುರಿಯಾದ ಆಟೋ ಶಂಕರ್‌ನ ಆತ್ಮಕಥೆಯನ್ನು ತಮಿಳಿನ ‘ನಕ್ಕೀರನ್’ ಪತ್ರಿಕೆ ಪ್ರಕಟಿಸಲು ಹೊರಟಾಗ ಎದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಮುಖ್ಯವಾದ ಮಾತುಗಳನ್ನು ಹೇಳಿತು. ಒಬ್ಬರ ಕುಟುಂಬ, ದಾಂಪತ್ಯ, ಮಕ್ಕಳು ಮುಂತಾದ ವಿಷಯಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ, ಅದು ಸತ್ಯವಾಗಿರಲಿ ಸುಳ್ಳಾಗಿರಲಿ, ಹೊಗಳಿಕೆಯಾಗಿರಲಿ ತೆಗಳಿಕೆಯಾಗಿರಲಿ. ಮಾನನಷ್ಟ ಮೊಕದ್ದಮೆಯಲ್ಲಿ ‘ಬರೆದದ್ದು ನಿಜ’ ಎಂಬುದು ನಿಮ್ಮ ದೊಡ್ಡ ಗುರಾಣಿ, ಖಾಸಗಿತನದ ವಿಷಯದಲ್ಲಿ ಆ ಗುರಾಣಿ ಅಷ್ಟಾಗಿ ಕಾಯುವುದಿಲ್ಲ ಎಂಬುದು ಹೆಚ್ಚಿನ ವರದಿಗಾರರಿಗೆ ಹೊಳೆಯುವುದೇ ಇಲ್ಲ. ನ್ಯಾಯಾಲಯದ ದಾಖಲೆಗಳಂಥ ಸಾರ್ವಜನಿಕ ದಾಖಲೆಗಳಲ್ಲಿ ಇರುವುದಕ್ಕೆ, ಅಧಿಕಾರಿಗಳ ಅಧಿಕೃತ ನಡವಳಿಕೆಗೆ ಈ ಕಟ್ಟು ಅನ್ವಯಿಸುವುದಿಲ್ಲ. ತಾನಾಗಿಯೇ ವಿವಾದವನ್ನು ಎಬ್ಬಿಸಿಕೊಂಡವರ ಮಾತು ಬೇರೆಯಾಗಬಹುದು ಎಂದೂ ಆ ತೀರ್ಪು ಹೇಳಿದೆ. ನಿಮ್ಮ ವಕೀಲರು ಈ ಕೊನೆಯ ಮಾತನ್ನು ಹಿಡಿದುಕೊಳ್ಳಬಹುದು. ಆದರೆ ಮಗುವಿನ ನಾಮಕರಣದ ಚಿತ್ರ ಹಾಕಿದವರು ತಮ್ಮ ಚಿಕಿತ್ಸೆಯ ಬಗ್ಗೆ ವಿವಾದ ಎಬ್ಬಿಸಿದರೆಂದು ಹೇಳಲಾಗದು. ಆಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು ಎಂಬುದು ನನಗೆ ಈಗಲೂ ಹೆಮ್ಮೆಯ ವಿಷಯ.

ನಿಮ್ಮ ಚಿತ್ರಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ಕಾನೂನು ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಕಲಮಿನ ಪ್ರಕಾರ, ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಚಿತ್ರವನ್ನಾಗಲಿ ಮಾಹಿತಿಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಬಿಟ್ಟುಕೊಡುವಂತಿಲ್ಲ. ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಉಂಟಾದ ಮಾನಸಿಕ ಸ್ಥಿತಿಗಳೂ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಆದ್ದರಿಂದ ಈ ಚಿತ್ರ ನಿಮಗೆ ಕೊಟ್ಟವರು ಯಾರು ಎಂದು ಮೊದಲು ವಿಚಾರಿಸಿ. ಕೇಂದ್ರದ ಸಿಬ್ಬಂದಿಯಾಗಿದ್ದರೆ ಅವರು ಕಾನೂನು ಮುರಿದಿದ್ದಾರೆ, ನೀವು ಅದರ ಫಲವನ್ನು ಕೈಯಲ್ಲಿ ಹಿಡಿದಿದ್ದೀರಿ. ಅಲ್ಲಿ ಚಿಕಿತ್ಸೆ ಪಡೆಯುತ್ತಿರುವ ಇನ್ನೊಬ್ಬರಾಗಿದ್ದರೆ ಲಂಡನ್ನಿನ ಆ ಸಭೆಯ ಕಥೆಯೇ ಇಲ್ಲಿಯೂ ನಡೆದಿದೆ. ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆ ಸೂತ್ರಗಳೂ ಖಾಸಗಿತನದ ಮಾತಾಡುತ್ತವೆ, ಆದರೆ ಮಂಡಳಿಗೆ ಎಚ್ಚರಿಸುವ, ಖಂಡಿಸುವ ಅಧಿಕಾರವಷ್ಟೇ ಇದೆ, ದಂಡ ಹಾಕುವ ಅಧಿಕಾರವಿಲ್ಲ, ಟಿವಿ ವಾಹಿನಿಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. 2018ರಲ್ಲಿ ನಟಿ ಶ್ರೀದೇವಿ ದುಬೈಯಲ್ಲಿ ತೀರಿಕೊಂಡಾಗ ಸ್ನಾನದ ತೊಟ್ಟಿಯ ದೃಶ್ಯಗಳನ್ನು ಸೃಷ್ಟಿಸಿ ತೋರಿಸಿದ ವಾಹಿನಿಗಳನ್ನು ನೋಡಿದ ಯಾರಿಗೂ ಈ ಕೊರತೆ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದೆ, ನಾನು ದಿನಪತ್ರಿಕೆಯೊಂದರ ಡೆಸ್ಕಿನಲ್ಲಿದ್ದಾಗ, ಹಿರಿಯ ಕಲಾವಿದೆಯೊಬ್ಬರು ಆಸ್ಪತ್ರೆ ಸೇರಿದರು. ನಮ್ಮ ವರದಿಗಾರ ಅವರ ಕೇಸ್ ಶೀಟಿನ ನೆರಳಚ್ಚು ಪ್ರತಿಯನ್ನು ತಂದು ಮೇಜಿನ ಮೇಲಿಟ್ಟ. ಒಂದು ಗಂಟೆ ಚರ್ಚಿಸಿ ಅದನ್ನು ಬಳಸುವುದಿಲ್ಲವೆಂದು ತೀರ್ಮಾನಿಸಿದೆವು, ಮನೆಯವರು ಹೇಳಿದಷ್ಟನ್ನೇ ಬರೆದೆವು. ದೊಡ್ಡ ಕೆಲಸ ಮಾಡಿದೆವೆಂಬ ಸಮಾಧಾನದಲ್ಲಿ, ಆಸ್ಪತ್ರೆಯ ಗೇಟಿನ ಬಳಿ ಗೋಡೆಗೆ ಒರಗಿ ಅಳುತ್ತಿದ್ದ ಅವರ ಮಗನ ಚಿತ್ರವನ್ನು ನಾಲ್ಕು ಕಾಲಂ ಅಗಲದಲ್ಲಿ ಹಾಕಿದೆವು. ಆತ ನಟನಲ್ಲ, ಖಾಸಗಿ ಕಂಪನಿಯೊಂದರ ನೌಕರ. ರಸ್ತೆಯಲ್ಲಿ ತೆಗೆದ ಚಿತ್ರ, ಅಡ್ಡಿಯಿಲ್ಲ ಎಂದವನು ನಾನೇ. ಮರುದಿನ ಆತ ಕಚೇರಿಗೆ ಫೋನ್ ಮಾಡಿ ಸಿಟ್ಟಾಗಲಿಲ್ಲ, ಅಮ್ಮನಿಗೆ ಇನ್ನೂ ವಿಷಯ ಪೂರ್ತಿ ಹೇಳಿರಲಿಲ್ಲ, ವಾರ್ಡಿನಲ್ಲಿ ಯಾರೋ ಪೇಪರ್ ಕೊಟ್ಟುಬಿಟ್ಟರು ಎಂದಷ್ಟೇ ಹೇಳಿದರು. ಕೇಸ್ ಶೀಟನ್ನು ಅಷ್ಟು ಜಾಗ್ರತೆಯಿಂದ ತೂಗಿದವರು ನಾವು ಚಿತ್ರವನ್ನು ತೂಗಲೇ ಇಲ್ಲ.

ಈಗ ನಿಮ್ಮ ಮೇಜಿನ ಮೇಲಿರುವುದನ್ನು ಒಂದೊಂದಾಗಿ ನೋಡೋಣ. ಚಿತ್ರೀಕರಣ ಮೂರು ವಾರ ನಿಂತಿರುವುದು ಸುದ್ದಿ, ಅದರಲ್ಲಿ ಸಂದೇಹವಿಲ್ಲ. ದಿನಗೂಲಿಯ ಲೈಟ್‌ಮ್ಯಾನ್‌ಗಳು, ಸಹ ಕಲಾವಿದರು, ಸಾಲ ತಂದ ನಿರ್ಮಾಪಕರು ಇವರೆಲ್ಲರ ಮೇಲೆ ಅದರ ಹೊರೆ ಬಿದ್ದಿದೆ. ಅದನ್ನು ನಿರ್ಮಾಪಕರಿಂದ, ಕಾರ್ಮಿಕರಿಂದ ಕೇಳಿ ಬರೆಯಿರಿ, ‘ಅನಾರೋಗ್ಯ’ ಎಂದು ಅವರು ಹೇಳಿದರೆ ಅದೇ ಪದವನ್ನು ಬಳಸಿ. ಕುಡಿತದ ಬಗ್ಗೆ ನಟರು ಹೇಳಿದ ಸುಳ್ಳು ಕ್ಯಾಂಪ್‌ಬೆಲ್ ಪ್ರಕರಣದ ಸುಳ್ಳಿಗಿಂತ ಹಗುರವಾದುದು, ಏಕೆಂದರೆ ಕುಡಿತ ಅಪರಾಧವಲ್ಲ. ಆ ಮಾತಿನಿಂದ ಅವರು ಸರ್ಕಾರದ ಪ್ರಚಾರದ ಮುಖವಾಗಿ ಹಣ ಪಡೆದಿದ್ದರೆ ತೂಕ ಬೇರೆಯಾಗುತ್ತಿತ್ತು, ಹಾಗೆಂದು ನೀವು ಬರೆದಿಲ್ಲ. ಬರೆಯಲೇಬೇಕೆಂದು ನಿಮ್ಮ ಸಂಪಾದಕರು ಪಟ್ಟು ಹಿಡಿದರೆ, ಮೊದಲು ನಟರನ್ನೇ ಸಂಪರ್ಕಿಸಿ, ಉತ್ತರಿಸಲು ಒಂದು ದಿನವಾದರೂ ಬಿಡಿ. ತಮ್ಮ ಖಾಸಗಿ ಬದುಕನ್ನು ಪತ್ರಿಕೆ ಬಯಲು ಮಾಡಿತೆಂದು ದೂರಿದ ಮೋಟಾರು ರೇಸಿಂಗ್ ಸಂಸ್ಥೆಯ ಮಾಜಿ ಮುಖ್ಯಸ್ಥ ಮ್ಯಾಕ್ಸ್ ಮೋಸ್ಲಿ ಪ್ರಕರಣದಲ್ಲಿ ಹೀಗೆ ಮುಂಚಿತವಾಗಿ ತಿಳಿಸುವುದನ್ನು ಕಾನೂನಿನಲ್ಲೇ ಕಡ್ಡಾಯ ಮಾಡಬೇಕೆಂಬ ಬೇಡಿಕೆಯನ್ನು ಯುರೋಪಿನ ನ್ಯಾಯಾಲಯ 2011ರಲ್ಲಿ ಒಪ್ಪಲಿಲ್ಲ, ಆದರೆ ಕಾನೂನು ಕಡ್ಡಾಯ ಮಾಡದಿದ್ದುದನ್ನು ನೀವು ಸ್ವಂತ ಮನಸ್ಸಿನಿಂದ ಮಾಡಬಾರದೆಂದೇನೂ ಇಲ್ಲ. ಕೇಂದ್ರದ ಹೆಸರು, ಎಷ್ಟನೇ ಸಲದ ದಾಖಲಾತಿ, ಜೊತೆಗಿದ್ದವರು ಯಾರು ಎಂಬ ವಿವರಗಳು ಯಾವ ಕಾರಣಕ್ಕೂ ಬೇಡ.

ಆ ಚಿತ್ರವನ್ನು ಪ್ರಕಟಿಸಬೇಡಿ. ಮುಖ ಮಸುಕು ಮಾಡಿ ಹಾಕುವ ಯೋಚನೆಯೂ ಬೇಡ, ಓದುಗರು ಗುರುತು ಹಿಡಿಯುತ್ತಾರೆ, ಹಿಡಿಯಲೆಂದೇ ಅಲ್ಲವೇ ಹಾಗೆ ಹಾಕುವುದು. ನಿಮ್ಮ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದು ಈಗಾಗಲೇ ಇದ್ದರೆ ಇಂದೇ ಅಲ್ಲಿಂದ ತೆಗೆಸಿ, ಯಾರ ಯಾರ ಫೋನಿನಲ್ಲಿ ಉಳಿದಿದೆ ಎಂದು ಒಬ್ಬೊಬ್ಬರನ್ನೂ ಕೇಳಿ. ಕಳಿಸಿಕೊಟ್ಟವರಿಗೆ ಹಣ ಕೊಡುವ ಮಾತಾಗಿದ್ದರೆ ಅದನ್ನೂ ನಿಲ್ಲಿಸಿ, ಏಕೆಂದರೆ ಅವರು ನಾಳೆಯೂ ಅದೇ ಗೇಟಿನ ಎದುರು ನಿಂತಿರುತ್ತಾರೆ.